ಹನ್ನೆರಡು ಕೌಂಟರ್, ಮೂರು ದೀಪ

ತಿಂಗಳ ದಿನಸಿಯನ್ನು ಒಂದೇ ಸಲ ತರುವವರಿಗೆ ರಿಂಗ್ ರೋಡಿನ ದೊಡ್ಡ ಸೂಪರ್‌ಮಾರ್ಕೆಟ್ ಇವತ್ತಿಗೂ ಅಗ್ಗ. ಬೇಳೆ, ಎಣ್ಣೆ, ಸೋಪು, ಬಟ್ಟೆ ಒಗೆಯುವ ಪುಡಿ, ಫಿನಾಯಿಲ್ ಎಲ್ಲ ಸೇರಿ ನಾಲ್ಕು ಸಾವಿರದ ಬಿಲ್ಲಾದರೆ ಬೀದಿ ಕೊನೆಯ ಅಂಗಡಿಗಿಂತ ನಾಲ್ಕು ಕಾಸು ಉಳಿಯುವುದು ಸುಳ್ಳಲ್ಲ. ಆ ಉಳಿತಾಯ ಎಲ್ಲಿಂದ ಹುಟ್ಟುತ್ತದೆ ಅನ್ನುವುದು ಬೇರೆ ಮಾತು. ಒಂದು ಪಾಲು ಸಗಟು ಖರೀದಿಯಿಂದ. ಇನ್ನೊಂದು ಪಾಲು ಕಣ್ಣಿನ ಮಟ್ಟದ ಶೆಲ್ಫಿಗೆ ಕಂಪನಿಗಳು ಕೊಡುವ ದುಡ್ಡಿನಿಂದ. ಮೂರನೆಯ ಪಾಲು, ಇರಬೇಕಾದಷ್ಟು ಜನರನ್ನು ಕೆಲಸಕ್ಕೆ ಇಡದಿರುವುದರಿಂದ. ಈ ಮೂರನೆಯ ಪಾಲನ್ನು ಗಿರಾಕಿಯೇ ಇನ್ನೊಂದು ದಾರಿಯಲ್ಲಿ ವಾಪಸ್ ಕಟ್ಟುತ್ತಾನೆ: ಕ್ಯೂನಲ್ಲಿ ನಿಂತು, ತಪ್ಪು ದರದ ಬಿಲ್ಲಿಗೆ ದುಡ್ಡು ತೆತ್ತು, ಉಪ್ಪು ಎಲ್ಲಿದೆ ಎಂದು ಕೇಳಲು ಮನುಷ್ಯರನ್ನು ಹುಡುಕಿ.

ಇಲ್ಲಿ ತೂಗಿ ನೋಡಿರುವುದು ಒಂದು ಅಂಗಡಿಯನ್ನಲ್ಲ, ಒಂದು ಜಾತಿಯ ಅಂಗಡಿಯನ್ನು. ಬೆಂಗಳೂರಾಗಲಿ, ಮೈಸೂರು, ಹುಬ್ಬಳ್ಳಿ, ಮಂಗಳೂರಾಗಲಿ, ಬೋರ್ಡಿನ ಬಣ್ಣ ಬೇರೆಯಾದರೂ ಒಳಗಿನ ವ್ಯವಸ್ಥೆ ಹೆಚ್ಚು ಕಡಿಮೆ ಒಂದೇ. 2001 ರಲ್ಲಿ ಶುರುವಾದ ಬಿಗ್ ಬಜಾರ್ ಎಂಬ ಹೆಸರೇ 2022 ರಲ್ಲಿ ಮರೆಯಾಯಿತು. ಟ್ರಾಲಿ ತಳ್ಳಿಕೊಂಡು ಹೋಗುವ ಅಭ್ಯಾಸ ಮಾತ್ರ ಊರಲ್ಲಿ ಉಳಿಯಿತು.

ಮೊದಲು ಬಿಲ್ಲಿಂಗ್ ಕೌಂಟರು. ಪ್ರತಿ ಕೌಂಟರಿನ ತಲೆಯ ಮೇಲೆ ನಂಬರಿನ ದೀಪವಿರುತ್ತದೆ. ದೀಪ ಉರಿಯುತ್ತಿದ್ದರೆ ಕೌಂಟರು ತೆರೆದಿದೆ ಎಂದರ್ಥ. ಶನಿವಾರ ಸಂಜೆ ಏಳೂವರೆಗೆ ನಿಂತು ಎಣಿಸಿದರೆ ಹನ್ನೆರಡರಲ್ಲಿ ಮೂರೋ ನಾಲ್ಕೋ ಉರಿಯುತ್ತಿರುತ್ತವೆ. ಹನ್ನೆರಡು ಕೌಂಟರು ಕಟ್ಟಿಸಿದವರಿಗೆ ಜನ ಬರುತ್ತಾರೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಂತ್ರ ಒಂದು ಸಲದ ಖರ್ಚು, ಸಂಬಳ ತಿಂಗಳು ತಿಂಗಳ ಖರ್ಚು, ಅಷ್ಟೇ ವ್ಯತ್ಯಾಸ.

ಲೆಕ್ಕ ಹಾಕಿ ನೋಡಿ. 35 ಸಾಮಾನಿನ ಒಂದು ಟ್ರಾಲಿ. ಸ್ಕ್ಯಾನ್ ಮಾಡಲು ಒಂದಕ್ಕೆ 3 ಸೆಕೆಂಡಿನಂತೆ 105 ಸೆಕೆಂಡು. ಚೀಲಕ್ಕೆ ತುಂಬಲು ಒಂದು ನಿಮಿಷ. ಯುಪಿಐ ತೆರೆದು, ಕ್ಯೂಆರ್ ಹಿಡಿದು, ದುಡ್ಡು ಬಂತೆಂದು ಯಂತ್ರ ಒಪ್ಪಿಕೊಳ್ಳುವುದಕ್ಕೆ 45 ಸೆಕೆಂಡು. ಒಟ್ಟು ಮೂರೂವರೆ ನಿಮಿಷ. ಅಂದರೆ ಒಂದು ಕೌಂಟರು ಗಂಟೆಗೆ 17 ಗಿರಾಕಿಗಳನ್ನು ಕಳಿಸಬಲ್ಲದು, ಮೂರು ಕೌಂಟರು 51. ಗಂಟೆಗೆ 65 ಮಂದಿ ಬಂದರೆ ಪ್ರತಿ ಗಂಟೆಯೂ 14 ಮಂದಿ ಬಾಕಿ. ಏಳರಿಂದ ಒಂಬತ್ತರೊಳಗೆ 28 ಮಂದಿ ನಿಂತಿರುತ್ತಾರೆ, ಒಂದೊಂದು ಸಾಲಿನಲ್ಲಿ ಒಂಬತ್ತು ಹತ್ತು ಜನ. ಕೊನೆಯವರಿಗೆ ಅರ್ಧ ಗಂಟೆ ದಾಟುತ್ತದೆ. ಇದೇ ಜಾಗದಲ್ಲಿ ನಾಲ್ಕನೆಯ ದೀಪ ಹೊತ್ತಿಸಿದರೆ ಗಂಟೆಗೆ 68. ಸಾಲು ಬೆಳೆಯುವುದೇ ಇಲ್ಲ. ಅರ್ಧ ಗಂಟೆಯ ಕಾಯುವಿಕೆಗೂ ಎರಡು ನಿಮಿಷದ ಕಾಯುವಿಕೆಗೂ ನಡುವೆ ಇರುವುದು ಒಬ್ಬ ಕ್ಯಾಷಿಯರ್. ಈ ಲೆಕ್ಕ ಮ್ಯಾನೇಜರಿಗೆ ತಿಳಿಯದ್ದೇನಲ್ಲ. ಆದರೆ ತಿಂಗಳ ಕೊನೆಗೆ ಅವರು ಮೇಲಿನವರಿಗೆ ಒಪ್ಪಿಸುವ ಪಟ್ಟಿಯಲ್ಲಿ ಸಂಬಳದ ಮೊತ್ತಕ್ಕೆ ಒಂದು ಕಾಲಂ ಇದೆ, ಟ್ರಾಲಿ ಅಲ್ಲೇ ಬಿಟ್ಟು ಎದ್ದು ಹೋದವರಿಗೆ ಕಾಲಂ ಇಲ್ಲ.

ಹಾಗಾದರೆ ಸರಿಯಾಗಿ ನಡೆಸಲು ಎಷ್ಟು ಜನ ಬೇಕು? ಬೆಳಿಗ್ಗೆ 10 ರಿಂದ ರಾತ್ರಿ 10 ರವರೆಗೆ, ವಾರದ ಏಳೂ ದಿನ ತೆರೆದಿರುವ ಒಂದು ಕೌಂಟರಿಗೆ ವಾರಕ್ಕೆ 84 ಗಂಟೆಯ ದುಡಿಮೆ ಬೇಕು. ಕರ್ನಾಟಕದ 1961 ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಒಬ್ಬ ನೌಕರನಿಗೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. 84 ನ್ನು 48 ರಿಂದ ಭಾಗಿಸಿದರೆ ಒಂದೂಮುಕ್ಕಾಲು. ರಜೆ, ಕಾಯಿಲೆ, ಊರ ಹಬ್ಬ ಸೇರಿಸಿದರೆ ಕೌಂಟರಿಗೆ ಇಬ್ಬರು. ಹನ್ನೆರಡಕ್ಕೆ ಇಪ್ಪತ್ನಾಲ್ಕು. ಹಾಜರಿ ಪುಸ್ತಕದಲ್ಲಿ ಹತ್ತೋ ಹನ್ನೊಂದೋ ಹೆಸರಿದ್ದರೆ, ದಿನದ ಯಾವ ಹೊತ್ತಿನಲ್ಲಿ ಯಾರು ಎಷ್ಟೇ ಚುರುಕಾಗಿ ಬೆರಳಾಡಿಸಿದರೂ ಸಾಲು ಕರಗುವುದಿಲ್ಲ.

ಅದಕ್ಕಿಂತ ವಿಚಿತ್ರ ಪಾಳಿಯದು. ಮೊದಲ ಪಾಳಿ ಒಂಬತ್ತೂವರೆಯಿಂದ ಆರೂವರೆ, ಎರಡನೆಯದು ಒಂದೂವರೆಯಿಂದ ಹತ್ತೂವರೆ. ಎರಡೂ ಪಾಳಿಯವರು ಒಟ್ಟಿಗೆ ಇರುವುದು ಮಧ್ಯಾಹ್ನ ಒಂದೂವರೆಯಿಂದ ಸಂಜೆ ಆರೂವರೆವರೆಗೆ, ಅಂದರೆ ಅಂಗಡಿಯಲ್ಲಿ ಗಿರಾಕಿಗಳಿಗಿಂತ ನೊಣ ಹೆಚ್ಚಿರುವ ಹೊತ್ತಿನಲ್ಲಿ. ಆಫೀಸು ಮುಗಿಸಿದವರು ನುಗ್ಗುವ ಏಳು ಗಂಟೆಗೆ ಸರಿಯಾಗಿ ಅರ್ಧ ಜನ ಮನೆಗೆ ಹೊರಟಿರುತ್ತಾರೆ. ಹತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿಗಳು ದಿನದ 24 ಗಂಟೆಯೂ ತೆರೆದಿರಬಹುದೆಂದು ರಾಜ್ಯ ಸರ್ಕಾರ 2021 ರ ಜನವರಿಯಲ್ಲಿ ಆದೇಶ ಹೊರಡಿಸಿದಾಗ, ರಾತ್ರಿ 8 ರ ನಂತರ ಮಹಿಳೆಯರು ದುಡಿಯಬೇಕಾದರೆ ಲಿಖಿತ ಒಪ್ಪಿಗೆ, ಸುರಕ್ಷತೆ, ವಾಹನದ ಏರ್ಪಾಡು ಬೇಕೆಂದು ಷರತ್ತು ಹಾಕಿತು. ಸರಿಯಾದ ಷರತ್ತೇ. ಆದರೆ ವಾಹನದ ಖರ್ಚು ಉಳಿಸಲು ಹೊರಟ ಅಂಗಡಿ ಏನು ಮಾಡುತ್ತದೆ? ಎಂಟಕ್ಕೆ ಹೆಣ್ಣುಮಕ್ಕಳನ್ನು ಮನೆಗೆ ಕಳಿಸುತ್ತದೆ, ಅವರ ಜಾಗಕ್ಕೆ ಯಾರನ್ನೂ ತರುವುದಿಲ್ಲ. ಎಂಟೂಕಾಲಕ್ಕೆ ಒಮ್ಮೆಲೇ ಎರಡು ದೀಪ ಆರಿದರೆ ಕಾರಣ ಹೆಚ್ಚಾಗಿ ಇದೇ. ಸಂಜೆ ಐದರಿಂದ ಹತ್ತರವರೆಗೆ ಮಾತ್ರ ದುಡಿಯುವ ಅರೆಕಾಲಿಕ ಕ್ಯಾಷಿಯರುಗಳನ್ನು ಇಟ್ಟುಕೊಂಡ ಅಂಗಡಿಗಳಲ್ಲಿ ಈ ಕಾಟ ಅರ್ಧಕ್ಕರ್ಧ ಕಡಿಮೆ. ಕಾಲೇಜು ಹತ್ತಿರವಿರುವ ಅಂಗಡಿಗಳಿಗೆ ಇದು ಸುಲಭವೂ ಹೌದು.

ಸಾಲು ನಿಂತಲ್ಲೇ ನಿಲ್ಲುವುದಕ್ಕೆ ಇನ್ನೊಂದು ಕಾರಣ, ಬಿಲ್ಲಿನಿಂದ ಸಾಮಾನು ತೆಗೆಸುವುದು. ಒಂದು ಕೊಬ್ಬರಿ ಎಣ್ಣೆ ಡಬ್ಬಿ ಎರಡು ಸಲ ಬೀಪ್ ಎಂದಿತು ಅನ್ನಿ. ಅದನ್ನು ಅಳಿಸುವ ಅಧಿಕಾರ ಕ್ಯಾಷಿಯರಿಗೆ ಇರುವುದಿಲ್ಲ. ಸೂಪರ್‌ವೈಸರ್ ಬಂದು ತಮ್ಮ ಕಾರ್ಡು ಉಜ್ಜಬೇಕು ಇಲ್ಲವೇ ಪಾಸ್‌ವರ್ಡ್ ಒತ್ತಬೇಕು. ಕಳ್ಳಬಿಲ್ಲು ತಡೆಯಲು ಮಾಡಿದ ನಿಯಮ, ತಪ್ಪೆನ್ನಲಾಗದು. ಆದರೆ ಅಂಗಡಿಗೆಲ್ಲ ಒಬ್ಬರೇ ಸೂಪರ್‌ವೈಸರ್ ಇದ್ದರೆ ಅವರು ಆ ಹೊತ್ತಿನಲ್ಲಿ ಹಿಂದಿನ ಬಾಗಿಲಲ್ಲಿ ಲಾರಿಯಿಂದ ಇಳಿಯುತ್ತಿರುವ ಎಣ್ಣೆ ಟಿನ್ನು ಎಣಿಸುತ್ತಿರುತ್ತಾರೆ. ಕ್ಯಾಷಿಯರ್ ಕೈ ಎತ್ತಿ "ಸರ್, ವಾಯ್ಡ್!" ಎಂದು ಕೂಗುತ್ತಾರೆ. ಪಕ್ಕದ ಕೌಂಟರಿನವರೂ ಕೂಗುತ್ತಾರೆ. ಗಿರಾಕಿ ಕ್ಯಾಷಿಯರಿನ ಮುಖ ನೋಡುತ್ತಾನೆ, ಕ್ಯಾಷಿಯರ್ ಪರದೆ ನೋಡುತ್ತಾರೆ, ಹಿಂದಿನ ಸಾಲಿನ ಮಗು ಚಾಕಲೇಟಿನ ಕಾಗದ ಹರಿದಾಗಿರುತ್ತದೆ. ನಾಲ್ಕೈದು ನಿಮಿಷ ಹೀಗೇ ಹೋದರೆ ಮೇಲೆ ಹೇಳಿದ 17 ರ ಲೆಕ್ಕ 15 ಕ್ಕೆ ಇಳಿಯುತ್ತದೆ. ಉಪಾಯ ಇಷ್ಟೇ: ಬೇಡದ್ದನ್ನು, ದರ ಅನುಮಾನ ಇರುವುದನ್ನು ಬೆಲ್ಟಿನ ಮೇಲೆ ಇಡುವ ಮೊದಲೇ ಬೇರೆ ಮಾಡಿ. ಬಿಲ್ಲಿಗೆ ಹತ್ತಿದ ಮೇಲೆ ಇಳಿಸುವುದು ಕಷ್ಟ.

ಇಷ್ಟೆಲ್ಲ ಆಗುವಾಗ ಕ್ಯಾಷಿಯರ್ ನಿಂತೇ ಇರುತ್ತಾರೆ. ಅಂಗಡಿ ನೌಕರರಿಗೆ ಕೂರಲು ಆಸನ ಕೊಡಲೇಬೇಕೆಂದು ಕೇರಳ 2018 ರಲ್ಲಿ, ತಮಿಳುನಾಡು 2021 ರಲ್ಲಿ ಕಾನೂನು ತಿದ್ದಿದವು. ಗಡಿ ದಾಟಿ ಈಚೆ ಬಂದರೆ ಬಿಲ್ಲಿಂಗ್ ಕೌಂಟರಿನ ಹಿಂದೆ ಸ್ಟೂಲು ಕಾಣುವುದೇ ಅಪರೂಪ. ಎಂಟನೆಯ ಗಂಟೆ ನಿಂತಿರುವವರಿಂದ ನಗುಮೊಗ ಬಯಸುವುದು ಗಿರಾಕಿಯ ಹಕ್ಕೇ ಇರಬಹುದು, ನ್ಯಾಯ ಅನ್ನಿಸುವುದಿಲ್ಲ.

ಈಗ ದುಡ್ಡು ಸೋರುವ ಜಾಗ. ಒಂದೇ ಬಾರ್‌ಕೋಡಿನ ಸಾಮಾನಿಗೆ ಎರಡು ಮೂರು ಎಂಆರ್‌ಪಿ ಇರುವುದು ನಮ್ಮ ದೇಶದ ಅಂಗಡಿಗಳಿಗೇ ಅಂಟಿದ ತಲೆನೋವು. ಹಳೆಯ ದಾಸ್ತಾನು 120 ರೂಪಾಯಿಯದು, ಹೊಸದು 112 ರದು, ಬಾರ್‌ಕೋಡ್ ಬದಲಾಗಿರುವುದಿಲ್ಲ. ಸ್ಕ್ಯಾನ್ ಮಾಡಿದೊಡನೆ ಪರದೆಯಲ್ಲಿ ಒಂದು ಪುಟ್ಟ ಕಿಟಕಿ ತೆರೆದು "ಯಾವ ಎಂಆರ್‌ಪಿ?" ಎಂದು ಕೇಳುತ್ತದೆ. ಪೊಟ್ಟಣ ತಿರುಗಿಸಿ, ಅಚ್ಚು ಓದಿ, ಸರಿಯಾದದ್ದನ್ನು ಆರಿಸಬೇಕು. ಬೆನ್ನ ಹಿಂದೆ ಹತ್ತು ಜನ ನಿಂತಿರುವಾಗ ಯಾರು ತಿರುಗಿಸುತ್ತಾರೆ? ಮೇಲಿನ ಸಾಲಿಗೆ ಎಂಟರ್ ಬೀಳುತ್ತದೆ. ಮೇಲಿರುವುದು ಹೆಚ್ಚಿನ ದರವಾಗಿದ್ದರೆ ನಷ್ಟ ಗಿರಾಕಿಗೆ, ಕಡಿಮೆಯದಾಗಿದ್ದರೆ ಅಂಗಡಿಗೆ.

2025 ರ ಸೆಪ್ಟೆಂಬರ್ 22 ರಿಂದ ಜಿಎಸ್‌ಟಿ ದರ ಬದಲಾದಾಗ ಈ ರೋಗ ಉಲ್ಬಣಿಸಿತು. ಸೋಪು, ಶಾಂಪೂ, ಟೂತ್‌ಪೇಸ್ಟಿನ ಮೇಲಿನ ತೆರಿಗೆ 18 ರಿಂದ 5 ಕ್ಕೆ, ತುಪ್ಪ, ಬೆಣ್ಣೆಯದು 12 ರಿಂದ 5 ಕ್ಕೆ ಇಳಿಯಿತು. ಶೆಲ್ಫಿನಲ್ಲಿ ಹಳೆ ಎಂಆರ್‌ಪಿಯ ಮಾಲು ಇತ್ತು, ಇಳಿದ ದರ ಬಿಲ್ಲಿನಲ್ಲಿ ಬರಬೇಕಿತ್ತು. ಕಂಪ್ಯೂಟರಿನ ಕಡತ ಹೆಡ್ ಆಫೀಸಿನಿಂದ ಒಂದೇ ರಾತ್ರಿಯಲ್ಲಿ ಬದಲಾಗುತ್ತದೆ. ಶೆಲ್ಫಿನ ಅಂಚಿಗೆ ಸಿಕ್ಕಿಸುವ ದರದ ಚೀಟಿಯನ್ನು ಮಾತ್ರ ಮನುಷ್ಯರೇ ಬದಲಿಸಬೇಕು. ಚೀಟಿ ಮುದ್ರಿಸಿ, ಕತ್ತರಿಸಿ, ಸಾಮಾನು ಹುಡುಕಿ, ಹಳೆಯದನ್ನು ಕಿತ್ತು ಹೊಸದನ್ನು ಸಿಕ್ಕಿಸಲು ಒಂದಕ್ಕೆ ಒಂದು ನಿಮಿಷ ಹಿಡಿದರೂ 300 ಚೀಟಿಗೆ ಐದು ಗಂಟೆ. ಮಾಮೂಲಿ ವಾರದಲ್ಲೂ ಆಫರ್ ಭಾನುವಾರ ರಾತ್ರಿ ಮುಗಿದು ಚೀಟಿ ಮಂಗಳವಾರದವರೆಗೆ ನೇತಾಡುವುದು ಇದೇ ಕಾರಣಕ್ಕೆ. ಎರಡು ಕೊಂಡರೆ ಒಂದು ಉಚಿತ ಎಂಬ ಹಳದಿ ಚೀಟಿ ನಂಬಿ ಮೂರು ಹೊತ್ತು ತಂದವರಿಗೆ ಬಿಲ್ಲಿನಲ್ಲಿ ಮೂರರ ದರ.

ಇದಕ್ಕೆ ಮೂರು ಅಭ್ಯಾಸ ಸಾಕು. ಆಫರಿನ ಚೀಟಿಯ ಮೂಲೆಯಲ್ಲಿ ಚಿಕ್ಕ ಅಕ್ಷರದ ಕೊನೆಯ ದಿನಾಂಕ ಇರುತ್ತದೆ, ಓದಿ. ದುಬಾರಿ ಸಾಮಾನಿನ ಚೀಟಿಯ ಫೋಟೊ ಹೊಡೆದುಕೊಳ್ಳಿ. ದುಡ್ಡು ಕೊಡುವ ಮೊದಲು ಪರದೆಯಲ್ಲಿ ಒಟ್ಟು ಮೊತ್ತವನ್ನಲ್ಲ, ಸಾಮಾನಿನ ಎಣಿಕೆಯನ್ನೂ ಎಂಆರ್‌ಪಿಯ ಕಾಲಮನ್ನೂ ನೋಡಿ. ಅಚ್ಚಾದ ಎಂಆರ್‌ಪಿಗಿಂತ ಹೆಚ್ಚು ಪಡೆಯುವುದು ಅಪರಾಧ, ಅದು ಕಾನೂನು ಮಾಪನಶಾಸ್ತ್ರ ಇಲಾಖೆಯ ವ್ಯಾಪ್ತಿಗೆ ಬರುತ್ತದೆ. ಎಂಆರ್‌ಪಿಗಿಂತ ಕಡಿಮೆ ಎಂದು ಚೀಟಿ ಹಾಕಿ, ಬಿಲ್ಲಿನಲ್ಲಿ ಎಂಆರ್‌ಪಿಯನ್ನೇ ಪಡೆಯುವುದು ಬೇರೆ ಬಗೆಯದು. ಅದನ್ನು ಅನುಚಿತ ವ್ಯಾಪಾರವೆಂದು ಗ್ರಾಹಕ ಕಾಯ್ದೆಯಡಿ ಕೇಳಬೇಕು. ಫೋಟೊ ಕೆಲಸಕ್ಕೆ ಬರುವುದು ಅಲ್ಲಿ.

ಒಳಗೆ ಬನ್ನಿ. ಶೆಲ್ಫುಗಳ ನಡುವೆ ಓಡಾಡುವವರೆಲ್ಲ ಅಂಗಡಿಯವರಲ್ಲ. ಶಾಂಪೂ, ಚಹಾಪುಡಿ, ಮಕ್ಕಳ ಡಯಾಪರ್ ಇರುವ ಕಡೆ ಬಣ್ಣಬಣ್ಣದ ಟೀ ಶರ್ಟಿನಲ್ಲಿ ನಿಂತವರು ಪ್ರಮೋಟರುಗಳು, ಸಂಬಳ ಕೊಡುವುದು ಆಯಾ ಕಂಪನಿ. ಅವರನ್ನು ರವೆ ಎಲ್ಲಿದೆ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ, ತಮ್ಮ ಬ್ರ್ಯಾಂಡು ಹೇಗಿದೆ ಎಂದು ಕೇಳಿದರೆ ಹತ್ತು ನಿಮಿಷ ಬಿಡುವುದಿಲ್ಲ. ಹೆಗಲಿಗೆ ಚೀಲ, ಕೈಯಲ್ಲಿ ಸಣ್ಣ ಸ್ಕ್ಯಾನರ್ ಹಿಡಿದು ಓಡುತ್ತಿರುವವರು ಆನ್‌ಲೈನ್ ಆರ್ಡರು ಆರಿಸುವವರು. ಅವರಿಗೆ ಒಂದೊಂದು ಆರ್ಡರಿಗೂ ನಿಮಿಷದ ಗಡುವು, ನಿಂತು ಮಾತಾಡಿದರೆ ಕೆಂಪು ದೀಪ. ಮನೆಗೆ ತಲುಪಿಸುವ ಪೈಪೋಟಿ ಶುರುವಾದ ಮೇಲೆ ಶೆಲ್ಫು ತುಂಬುತ್ತಿದ್ದ ಹುಡುಗರನ್ನೇ ಈ ಕೆಲಸಕ್ಕೂ ಎಳೆದ ಅಂಗಡಿಗಳಿವೆ. ಪಾದ ಸವೆಸಿ ಬಂದ ಗಿರಾಕಿಗೆ ಯಾರೂ ಇಲ್ಲ, ಮನೆಯಲ್ಲಿ ಕೂತು ಗುಂಡಿ ಒತ್ತಿದವನಿಗೆ ಆಳು ಉಂಟು. ಕತ್ತಿನಲ್ಲಿ ಅಂಗಡಿಯ ಹೆಸರಿನ ಪಟ್ಟಿ, ಎದೆಯ ಮೇಲೆ ಹೆಸರಿನ ಬಿಲ್ಲೆ ಇದ್ದವರನ್ನೇ ಹುಡುಕಿ ಕೇಳಬೇಕು.

ಅವರು ಸಿಕ್ಕರೂ "ಸಿಸ್ಟಮ್ಮಿನಲ್ಲಿ ಆರು ತೋರಿಸ್ತಿದೆ ಸರ್, ಶೆಲ್ಫಲ್ಲಿ ಇಲ್ಲ" ಎಂಬ ಉತ್ತರ ಬರಬಹುದು. ಇದು ಸುಳ್ಳಲ್ಲ. ಕಳುವಾದದ್ದು, ಒಡೆದದ್ದು, ತಪ್ಪು ಕೋಡಿನಲ್ಲಿ ಬಿಲ್ಲಾದದ್ದು ಯಾವುದೂ ಲೆಕ್ಕದಿಂದ ತಾನಾಗಿ ಇಳಿಯುವುದಿಲ್ಲ. ಯಾರಾದರೂ ಎಣಿಸಿ ಇಳಿಸಬೇಕು. ಎಣಿಸುವವರಿಲ್ಲದಿದ್ದರೆ ಕಂಪ್ಯೂಟರು ಆರು ಇದೆ ಎಂದೇ ನಂಬಿಕೊಂಡು ಹೊಸ ಮಾಲಿಗೆ ಆರ್ಡರು ಹಾಕುವುದಿಲ್ಲ. ಹೀಗೆ ಒಂದು ಜಾಗ ವಾರಗಟ್ಟಲೆ ಬರಿದಾಗಿ ಉಳಿಯುತ್ತದೆ. ಇನ್ನು ಕೆಲವು ಸಲ ಆ ಆರು ನಿಜವಾಗಿಯೂ ಇರುತ್ತವೆ, ಗೋಡೌನಿನ ಕಬ್ಬಿಣದ ಟ್ರಾಲಿಯೊಳಗೆ, ಅಕ್ಕಿ ಮೂಟೆಗಳ ಹಿಂದೆ. ಬೆಳಿಗ್ಗೆ ಹನ್ನೊಂದರ ಒಳಗೆ ಕೇಳಿದರೆ ತಂದುಕೊಡುವವರು ಸಿಗುತ್ತಾರೆ, ಸಂಜೆ ಇಲ್ಲ.

ಹಾಲು, ಮೊಸರು, ಬ್ರೆಡ್ಡಿನ ಸಾಲಿನಲ್ಲಿ ಹಳೆಯ ತಾರೀಖಿನದು ಮುಂದೆ, ಹೊಸದು ಹಿಂದೆ ಇರಬೇಕೆಂಬುದು ವ್ಯಾಪಾರದ ಮೊದಲ ಪಾಠ. ಆಳು ಕಡಿಮೆಯಾದಾಗ ಮೊದಲು ಕೈಬಿಡುವ ಕೆಲಸವೂ ಇದೇ. ಹೊಸ ಟ್ರೇ ತಂದು ಮುಂದೆಯೇ ತುಂಬಿಬಿಡುತ್ತಾರೆ. ಹಿಂದೆ ಉಳಿದ ಹಳೆಯವು ಅಲ್ಲೇ ತಾರೀಖು ದಾಟುತ್ತವೆ. ಹಾಗಾಗಿ ಹಿಂದಿನಿಂದ ಎಳೆದರೆ ಹೊಸದು ಸಿಗುತ್ತದೆ ಎಂಬ ಹಳೆಯ ಜಾಣತನ ಇಲ್ಲಿ ತಿರುಗುಬಾಣವಾಗಬಹುದು. ತಾರೀಖು ಓದಿಯೇ ತೆಗೆದುಕೊಳ್ಳಿ. ಪನೀರಿನ ಪೊಟ್ಟಣ ಉಬ್ಬಿದ್ದರೆ ಮುಟ್ಟಬೇಡಿ. ಐಸ್‌ಕ್ರೀಮಿನ ಡಬ್ಬಿಯ ಅಂಚಿನಲ್ಲಿ ಮಂಜಿನ ಹರಳು ಕಟ್ಟಿದ್ದರೆ ಅದು ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿರುವ ಸಾಧ್ಯತೆ ಹೆಚ್ಚು. ಲಾರಿಯಿಂದ ಇಳಿಸಿದ ಫ್ರೀಜರ್ ಮಾಲು ಒಳಗಿಡಲು ಕೈಯಿಲ್ಲದೆ ನಡುದಾರಿಯಲ್ಲಿ ಅರ್ಧ ಗಂಟೆ ಬೆವರುವುದನ್ನು ಬೆಳಗಿನ ಗಿರಾಕಿಗಳು ನೋಡಿಯೇ ಇರುತ್ತಾರೆ. ಫ್ರೋಜನ್ ಬಟಾಣಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ: ಕಾಳುಕಾಳಾಗಿ ಉದುರಿದರೆ ಸರಿ, ಒಂದೇ ಗಡ್ಡೆಯಾಗಿದ್ದರೆ ಬೇಡ.

ತರಕಾರಿಯ ತಕ್ಕಡಿಗೆ ಬಂದರೆ, ಅಲ್ಲಿ ಇಬ್ಬರಿರಬೇಕಾದ ಕಡೆ ಒಬ್ಬರು. ಒಂದೊಂದು ತರಕಾರಿಗೂ ಒಂದು ಕೋಡು ಇದೆ, ಅದನ್ನು ಒತ್ತಿದರೆ ಸ್ಟಿಕ್ಕರು ಬರುತ್ತದೆ. ಪಚ್ಚಬಾಳೆಗೆ ಏಲಕ್ಕಿ ಬಾಳೆಯ ಕೋಡು ಬಿದ್ದರೆ ದರ ಸುಮಾರು ದುಪ್ಪಟ್ಟು. ನಾಟಿ ಕೊತ್ತಂಬರಿ, ಹೈಬ್ರಿಡ್ ಕೊತ್ತಂಬರಿ, ನಾಟಿ ಟೊಮೆಟೊ, ಹೈಬ್ರಿಡ್ ಟೊಮೆಟೊ, ಎಲ್ಲಕ್ಕೂ ಇದೇ ಪಾಡು. ಸ್ಟಿಕ್ಕರಿನ ಮೇಲಿನ ಹೆಸರನ್ನು ಅಲ್ಲೇ ಓದಬೇಕು. ಬಿಲ್ಲಿಂಗ್ ಕೌಂಟರಿಗೆ ಹೋದ ಮೇಲೆ ತಪ್ಪು ತಿಳಿದರೆ ಮತ್ತೆ ತಕ್ಕಡಿಯ ಸಾಲಿಗೆ ನಡೆಯಬೇಕು. ಗೋಡಂಬಿ, ದ್ರಾಕ್ಷಿ ಬಿಡಿಯಾಗಿ ತೂಗಿಸುವಾಗ ಡಬ್ಬಿಯ ತೂಕ ಕಳೆದಿದ್ದಾರೆಯೇ ನೋಡಿ. ಗಟ್ಟಿ ಪ್ಲಾಸ್ಟಿಕ್ ಡಬ್ಬಿ 20 ಗ್ರಾಂ ತೂಗಿದರೆ, ಕೆಜಿಗೆ 900 ರೂಪಾಯಿಯ ಗೋಡಂಬಿಯ ದರದಲ್ಲಿ ಆ ಖಾಲಿ ಡಬ್ಬಿಗೆ 18 ರೂಪಾಯಿ ಕೊಟ್ಟಂತಾಯಿತು. ಡಬ್ಬಿ ಇಟ್ಟು ಟೇರ್ ಗುಂಡಿ ಒತ್ತಿ, ಸೊನ್ನೆ ಬಂದ ಮೇಲೆ ತುಂಬಬೇಕು. ಗೊತ್ತಿಲ್ಲದೆ ಬಿಡುವುದಲ್ಲ, ಸಾಲು ಉದ್ದವಾದಾಗ ಬಿಟ್ಟುಹೋಗುವ ಹೆಜ್ಜೆ ಇದು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಇಲಾಖೆಯ ಮುದ್ರೆ ಬೀಳಬೇಕು. ಮುದ್ರೆ, ಪ್ರಮಾಣಪತ್ರ ನೋಡಲು ಕೇಳುವುದು ಗಿರಾಕಿಯ ಹಕ್ಕು. ಸೊಪ್ಪು ಕೊಳ್ಳಲು ಮಾತ್ರ ಇಲ್ಲಿಗೆ ಬರಬೇಡಿ. ನೀರು ಚಿಮುಕಿಸುವವರಿಲ್ಲದೆ ಮಧ್ಯಾಹ್ನಕ್ಕೇ ಬಾಡಿರುತ್ತದೆ, ಹಾಪ್‌ಕಾಮ್ಸ್ ಮಳಿಗೆ ಅಥವಾ ತಳ್ಳುಗಾಡಿ ಎಷ್ಟೋ ವಾಸಿ.

ಭಾಷೆಯ ಮಾತೂ ಇಲ್ಲಿ ಬರಬೇಕು. ಹೊರಗಿನ ನಾಮಫಲಕದಲ್ಲಿ ಶೇಕಡಾ 60 ರಷ್ಟು ಕನ್ನಡ ಇರಬೇಕೆಂದು 2024 ರಲ್ಲಿ ಕಾನೂನೇ ಆಯಿತು. ಒಳಗೆ ಕಾಲಿಟ್ಟರೆ ಶೆಲ್ಫಿನ ಚೀಟಿ, ದಿಕ್ಕು ತೋರುವ ಫಲಕ, ಮೈಕಿನ ಘೋಷಣೆ ಬಹುಪಾಲು ಇಂಗ್ಲಿಷು. ಹೇಳಿಕೊಡುವ ಮನುಷ್ಯರಿಲ್ಲದ ಕಡೆ ಓದುವುದೊಂದೇ ದಾರಿ. ಆ ಓದು ಬಾರದ ಅಜ್ಜಿ ಅವಲಕ್ಕಿ ಹುಡುಕಿಕೊಂಡು ಸಿರಿಯಲ್ಸ್ ಎಂದು ಬರೆದ ಸಾಲಿನ ಮುಂದೆಯೇ ಹಾದುಹೋಗುತ್ತಾರೆ. ಆಳು ಕಡಿಮೆ ಮಾಡಿದವರು ಕೊನೆಗೆ ಚೀಟಿಯನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಬಹುದಿತ್ತು.

ಬಟ್ಟೆಯ ವಿಭಾಗದಲ್ಲಿ ಆರು ಟ್ರಯಲ್ ರೂಮಿಗೆ ಒಬ್ಬ ಕಾವಲು, ಆದ್ದರಿಂದ ನಾಲ್ಕಕ್ಕೆ ಬೀಗ. ಎಲೆಕ್ಟ್ರಾನಿಕ್ಸಿನಲ್ಲಿ ಮಾತಾಡಿಸುವವರೆಲ್ಲ ಯಾವುದೋ ಒಂದು ಕಂಪನಿಯ ಪ್ರಮೋಟರೇ. ಎರಡು ಫ್ರಿಜ್ಜುಗಳ ಹೋಲಿಕೆ ಅವರಿಂದ ಕೇಳುವುದು ಹೆಣ್ಣಿನ ತಾಯಿಯನ್ನು ಹೆಣ್ಣು ಹೇಗೆ ಎಂದು ಕೇಳಿದ ಹಾಗೆ.

ಕಸ್ಟಮರ್ ಸರ್ವಿಸ್ ಎಂದು ಬರೆದ ಮೇಜು ಅಂಗಡಿಯಲ್ಲೇ ಅತಿ ಬಡಪಾಯಿ ಜಾಗ. ವಾಪಸ್ ತೆಗೆದುಕೊಳ್ಳುವುದು, ಗಿಫ್ಟ್ ಕಾರ್ಡು, ಹೋಮ್ ಡೆಲಿವರಿ ಬರೆದುಕೊಳ್ಳುವುದು, ಕಳೆದುಹೋದ ಮಗುವಿನ ಹೆಸರು ಮೈಕಿನಲ್ಲಿ ಕೂಗುವುದು, ಎಲ್ಲ ಒಬ್ಬರದೇ ಪಾಲು. ಕೆಟ್ಟ ಮಾಲು ವಾಪಸ್ ಕೊಡಲು ಹೋದಾಗ "ಕ್ರೆಡಿಟ್ ನೋಟ್ ಮಾತ್ರ" ಎಂಬ ಉತ್ತರ ರೂಢಿ, ಅಂದರೆ ಹಣದ ಬದಲು ಅದೇ ಅಂಗಡಿಯಲ್ಲಿ ಖರ್ಚು ಮಾಡಬೇಕಾದ ಚೀಟಿ. 2019 ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುವುದು ಬೇರೆ: ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಹಿಂದಿರುಗಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಇದು ದೋಷಕ್ಕೆ ಮಾತ್ರ. ಮನೆಗೆ ಹೋಗಿ ಮನಸ್ಸು ಬದಲಾದರೆ ಅಂಗಡಿಯ ಸ್ವಂತ ನಿಯಮವೇ ನಡೆಯುತ್ತದೆ. ಮೇಜಿನ ಹುಡುಗಿಯ ಮೇಲೆ ದನಿ ಎತ್ತಿ ಪ್ರಯೋಜನವಿಲ್ಲ, ಹಣ ವಾಪಸ್ ಮಾಡುವ ಅಧಿಕಾರವೂ ಆ ಸೂಪರ್‌ವೈಸರಿನ ಕಾರ್ಡಿನಲ್ಲೇ ಇದೆ. ನಿರಾಕರಣೆಯನ್ನು ಬಿಲ್ಲಿನ ಹಿಂದೆ ಬರೆದು ಸಹಿ ಹಾಕಿಕೊಡಿ ಎಂದು ತಣ್ಣಗೆ ಕೇಳಿ. ಬರೆದುಕೊಡಲು ಒಪ್ಪುವವರು ಕಡಿಮೆ, ಮ್ಯಾನೇಜರನ್ನು ಕರೆಸುವವರೇ ಹೆಚ್ಚು. ಅಲ್ಲೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಅದರಾಚೆ ಜಿಲ್ಲಾ ಗ್ರಾಹಕ ಆಯೋಗ, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಕೌಂಟರಿನಲ್ಲಿ ಫೋನ್ ನಂಬರು ಕೇಳುವುದು ಇನ್ನೊಂದು ಕಿರಿಕಿರಿ. ನಂಬರು ಕೊಡಲೇಬೇಕೆಂದು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023 ರ ಮೇ ತಿಂಗಳಲ್ಲಿ ಸೂಚಿಸಿತ್ತು. "ನಂಬರ್ ಬೇಡ, ಹಾಗೇ ಬಿಲ್ ಮಾಡಿ" ಎಂದರೆ ಒಂದು ಗುಂಡಿ ಒತ್ತಿ ಮುಂದುವರಿಯಬಹುದು. ಕೈಚೀಲಕ್ಕೂ ಅಷ್ಟೇ. ಸಾಮಾನು ಆರಿಸುವ ಮೊದಲೇ ತಿಳಿಸದೆ ಕೊನೆಗೆ ಕೌಂಟರಿನಲ್ಲಿ ಚೀಲದ ದುಡ್ಡು ಸೇರಿಸುವುದು ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2020 ರ ಡಿಸೆಂಬರಿನಲ್ಲಿ ಹೇಳಿದೆ. ಆದರೂ ಮನೆಯಿಂದ ಎರಡು ಬಟ್ಟೆ ಚೀಲ ಒಯ್ಯುವುದೇ ಲೇಸು, ತುಂಬಿಕೊಡುವವರು ಹೇಗೂ ಇರುವುದಿಲ್ಲ.

ಸ್ವತಃ ಸ್ಕ್ಯಾನ್ ಮಾಡುವ ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಹೊರದೇಶದಲ್ಲಿರುವ ಕನ್ನಡಿಗರಿಗೆ ಅದರ ರುಚಿ ಗೊತ್ತು: ಯಂತ್ರ ಮಧ್ಯೆ ಮಧ್ಯೆ ನಿಂತು ಸಿಬ್ಬಂದಿಯನ್ನೇ ಕರೆಯುತ್ತದೆ. ಇಂಗ್ಲೆಂಡಿನ ಉತ್ತರ ಭಾಗದ ಬೂತ್ಸ್ ಎಂಬ ಸೂಪರ್‌ಮಾರ್ಕೆಟ್ 2023 ರಲ್ಲಿ ತನ್ನ ಬಹುತೇಕ ಮಳಿಗೆಗಳಿಂದ ಅವನ್ನು ಕಿತ್ತು ಮನುಷ್ಯರನ್ನೇ ಕೂರಿಸಲು ಹೊರಟಿತು. ಬಿಡಿ ತರಕಾರಿ, ಎರಡು ಎಂಆರ್‌ಪಿ, ಆಫರ್ ಕೂಪನ್ನುಗಳ ನಮ್ಮ ಬುಟ್ಟಿಗೆ ಆ ಯಂತ್ರ ಇನ್ನೂ ದೂರ. ಅದಕ್ಕಿಂತ ಸುಲಭದ ಮದ್ದು ಒಂದೇ ಸಾಲು, ಹಲವು ಕೌಂಟರು: ಎಲ್ಲರೂ ಒಂದೇ ಸಾಲಿನಲ್ಲಿ ನಿಂತು, ಖಾಲಿಯಾದ ಕೌಂಟರಿಗೆ ಮುಂದಿನವರು ಹೋಗುವುದು. ಕ್ಯಾಷಿಯರು ಹೆಚ್ಚುವುದಿಲ್ಲ, ಆದರೆ ಒಂದು ಬಿಲ್ಲು ಸಿಕ್ಕಿಕೊಂಡರೆ ಅದರ ಹಿಂದಿನ ಹತ್ತು ಜನರ ಹಣೆಬರಹವೂ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ಅಂಕ ಕೊಡುವುದಾದರೆ, ಪೊಟ್ಟಣ ಕಟ್ಟಿದ ದಿನಸಿಗೂ ಸೋಪು ಸಾಬೂನಿಗೂ ಹತ್ತಕ್ಕೆ ಎಂಟು. ಫ್ರೀಜರಿನ ಮಾಲಿಗೆ ಐದು. ತರಕಾರಿಗೆ ನಾಲ್ಕು, ಸೊಪ್ಪಿಗೆ ಎರಡು. ಬಿಲ್ಲಿಂಗಿಗೆ ವಾರದ ನಡುವಿನ ಬೆಳಿಗ್ಗೆ ಏಳು, ಶನಿವಾರ ಸಂಜೆ ಎರಡು. ವಾಪಸಾತಿಯ ಮೇಜಿಗೆ ಮೂರು, ಅದೂ ಅಲ್ಲಿ ಒಬ್ಬರೇ ನಿಂತು ನಿಭಾಯಿಸುವವರ ತಾಳ್ಮೆಗೆ. ಹೋಗುವುದಾದರೆ ಮಂಗಳವಾರದಿಂದ ಗುರುವಾರದೊಳಗೆ, ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆ. ಒಂದೂವರೆಯಿಂದ ಮೂರರವರೆಗೆ ಸಿಬ್ಬಂದಿಯ ಊಟದ ಸರದಿ. ತಿಂಗಳ ಮೊದಲ ವಾರ, ವರಮಹಾಲಕ್ಷ್ಮಿಯ ಹಿಂದಿನ ಎರಡು ದಿನ, ಆಗಸ್ಟ್ 15 ಮತ್ತು ಜನವರಿ 26 ರ ರಿಯಾಯಿತಿ ಮಾರಾಟದ ದಿನಗಳಲ್ಲಿ ಆ ದಿಕ್ಕಿಗೆ ತಲೆಯಿಟ್ಟೂ ಮಲಗಬೇಡಿ. ಬಾಗಿಲು ಹಾಕಲು ಅರ್ಧ ಗಂಟೆ ಇರುವಾಗಲೂ ಬೇಡ; ಕ್ಯಾಷಿಯರುಗಳು ಒಬ್ಬೊಬ್ಬರಾಗಿ ಗಲ್ಲಾ ಎಣಿಸಲು ಎದ್ದಿರುತ್ತಾರೆ.

ಬಾಗಿಲ ಬಳಿ ಸೆಕ್ಯುರಿಟಿಯವರು ಬಿಲ್ಲಿಗೆ ತೂತು ಹೊಡೆಯುವಾಗ ಅಂಚಿನಲ್ಲಿ ಹೊಡೆಯಲು ಹೇಳಿ, ತೂತು ಬಿಲ್ ನಂಬರಿನ ಮೇಲೆ ಬಿದ್ದರೆ ವಾಪಸಾತಿಗೆ ಹೋದಾಗ ಹುಡುಕಾಟ. ಬಿಲ್ಲು ಥರ್ಮಲ್ ಕಾಗದದ್ದು, ಶಾಯಿ ಇಲ್ಲ, ಬಿಸಿಗೆ ಕಪ್ಪಾಗುವ ಲೇಪ ಮಾತ್ರ. ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಇಡೀ ಕಾಗದವೇ ಕಪ್ಪಿಡುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಅಕ್ಷರವೇ ಮಾಯ. ಮಿಕ್ಸಿಯ ವಾರಂಟಿ ಎರಡು ವರ್ಷ, ಬಿಲ್ಲಿನ ಆಯುಸ್ಸು ಅಷ್ಟಿಲ್ಲ. ಪಾರ್ಕಿಂಗಿಗೆ ಇಳಿಯುವ ಮೊದಲೇ ಮೇಲಿನಿಂದ ಕೆಳಗಿನವರೆಗೆ, ತಲೆಯಲ್ಲಿರುವ 14 ಅಂಕಿಯ ಆಹಾರ ಪರವಾನಗಿಯ ಎಫ್‌ಎಸ್‌ಎಸ್‌ಎಐ ನಂಬರೂ ಕಾಣುವಂತೆ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ.